ಊರ ಹೆಸರಿನ ತಂಡಕ್ಕೆ ಊರು ಬೇಡವೇ?



ಇವತ್ತು ನಾನು ಹೇಳಹೊರಟಿರುವುದು ಗೆದ್ದೂ ಉಳಿಯದ ಒಂದು ತಂಡದ ಕಥೆ. ಅದರ ಹೆಸರು ಬೆಳಗಾವಿ ಪ್ಯಾಂಥರ್ಸ್. 2009ರಲ್ಲಿ ಕರ್ನಾಟಕ ಪ್ರೀಮಿಯರ್ ಲೀಗ್, ಅಂದರೆ ಕೆಪಿಎಲ್, ಎಂಬ ಕ್ರಿಕೆಟ್ ಟೂರ್ನಿಯ ಜೊತೆಗೇ ಅದು ಹುಟ್ಟಿತು. 2017ರಲ್ಲಿ ಪ್ರಶಸ್ತಿ ಗೆದ್ದಿತು. 2019ರಲ್ಲಿ ಕೊನೆಯ ಸಲ ಆಡಿತು. ಹೆಚ್ಚು ಕಡಿಮೆ ಹತ್ತು ವರ್ಷದ ಆಯುಷ್ಯ, ಅದರಲ್ಲೂ ನಡುವೆ ಕೆಲವು ವರ್ಷ ಬಿಡುವು.

ಖಾನಾಪುರದ ಸ್ಟೇಷನ್ ರೋಡಿನಲ್ಲೋ ಬೆಳಗಾವಿಯ ಖಡೇಬಜಾರಿನಲ್ಲೋ ನಿಂತು ಇವತ್ತು ಈ ತಂಡದ ಬಗ್ಗೆ ಕೇಳಿದರೆ ಎಷ್ಟು ಮಂದಿ ನೆನಪು ಮಾಡಿಕೊಂಡಾರು? ಅದೇ ಜನ ಇಪ್ಪತ್ತು ವರ್ಷದ ಹಿಂದಿನ ಜಾತ್ರೆಯ ಕುಸ್ತಿಯಲ್ಲಿ ಯಾರು ಯಾರನ್ನು ಚಿತ್ ಮಾಡಿದರು, ಯಾವ ಡಾವಿನಿಂದ ಮಾಡಿದರು ಎಂಬುದನ್ನು ಬಿಡದೆ ಹೇಳುತ್ತಾರೆ. ಎರಡೂ ದುಡ್ಡು ಕೊಟ್ಟು ಆಡಿಸಿದ ಆಟವೇ. ಒಂದು ನೆನಪಿನಲ್ಲಿ ಬೇರು ಬಿಟ್ಟಿತು, ಇನ್ನೊಂದು ಬಿಡಲಿಲ್ಲ. ಯಾಕೆ ಎಂಬುದೇ ನನ್ನ ಇವತ್ತಿನ ಮಾತು.

ಮೊದಲು ಈ ಲೀಗಿನ ವ್ಯವಹಾರ ಹೇಗಿತ್ತು ಎಂದು ನೋಡೋಣ. 2008ರಲ್ಲಿ ಐಪಿಎಲ್ ಶುರುವಾಗಿ ದೇಶವೆಲ್ಲ ಅದರದೇ ಮಾತಾಗಿತ್ತು. ಮರುವರ್ಷವೇ ಕರ್ನಾಟಕ ರಾಜ್ಯ ಕ್ರಿಕೆಟ್ ಸಂಸ್ಥೆ ಅದೇ ಮಾದರಿಯನ್ನು ರಾಜ್ಯದೊಳಗೆ ತಂದಿತು. ಎಂಟು ತಂಡ. ಬೆಂಗಳೂರು, ಮೈಸೂರು, ಮಂಗಳೂರುಗಳ ಜೊತೆ ದಾವಣಗೆರೆ, ಬಿಜಾಪುರ ಅಂದರೆ ಇಂದಿನ ವಿಜಯಪುರ, ಬೆಳಗಾವಿಗಳ ಹೆಸರು ಹೊತ್ತ ತಂಡಗಳೂ ಇದ್ದವು. ಒಂದು ಊರಿನ ಹೆಸರಿನಲ್ಲಿ ತಂಡ ಕಟ್ಟುವ ಹಕ್ಕನ್ನು ಸಂಸ್ಥೆ ಮಾರುತ್ತದೆ. ದುಡ್ಡಿದ್ದವರು ಕೊಳ್ಳುತ್ತಾರೆ. ಕೊಳ್ಳುವವರು ಆ ಊರಿನವರೇ ಆಗಬೇಕೆಂದೇನೂ ಇಲ್ಲ. ಆಮೇಲೆ ಆಟಗಾರರ ಹರಾಜು. ರಣಜಿ ಆಡಿದವರು, ಭಾರತಕ್ಕೆ ಆಡಿದವರು ದೊಡ್ಡ ಮೊತ್ತಕ್ಕೆ ಹೋಗುತ್ತಾರೆ. ಕ್ಲಬ್ ಮಟ್ಟದ ಹುಡುಗರು ಚಿಕ್ಕ ಮೊತ್ತಕ್ಕೆ. ಆಯಾ ವಲಯದ ಒಬ್ಬಿಬ್ಬರು ಹುಡುಗರನ್ನು ತಂಡದಲ್ಲಿ ಇಟ್ಟುಕೊಳ್ಳಬೇಕೆಂಬ ಕಟ್ಟಳೆಯೂ ಇತ್ತು. ಮೈದಾನ, ವೇಳಾಪಟ್ಟಿ, ಟೀವಿ ಪ್ರಸಾರ ಎಲ್ಲ ಸಂಸ್ಥೆಯ ಕೈಯಲ್ಲಿ. ಮಾಲೀಕನ ಕೈಯಲ್ಲಿ ಉಳಿಯುವುದು ಹೆಸರು, ಅಂಗಿಯ ಬಣ್ಣ, ಹರಾಜಿನಲ್ಲಿ ಕೊಂಡ ಆಟಗಾರರು.

ಹೆಸರಂತೂ ಚೆನ್ನಾಗಿತ್ತು. ಪ್ಯಾಂಥರ್ ಅಂದರೆ ಕರಿ ಚಿರತೆ. ಬೆಳಗಾವಿಯಿಂದ ಇಪ್ಪತ್ತಾರು ಕಿಲೋಮೀಟರ್ ದೂರದ ಖಾನಾಪುರ ದಾಟಿ ಪಶ್ಚಿಮಕ್ಕೆ ನಡೆದರೆ ಸಿಗುವುದು ಚಿರತೆಯ ಕಾಡೇ. 2011ರಲ್ಲಿ ವನ್ಯಧಾಮವಾದ ಭೀಮಗಡ, ಮಲಪ್ರಭೆ ಹುಟ್ಟುವ ಕಣಕುಂಬಿ, ಜಾಂಬೋಟಿಯ ಘಟ್ಟ, ಎಲ್ಲವೂ ಖಾನಾಪುರ ತಾಲೂಕಿನವು. ಹೆಸರಿಟ್ಟವರಿಗೆ ಈ ಕಾಡು ನೆನಪಿತ್ತೋ ಇಲ್ಲವೋ, ಹೆಸರು ಮಾತ್ರ ನೆಲಕ್ಕೆ ಒಪ್ಪುವಂತಿತ್ತು. 2014ರ ನವೆಂಬರ್ ಒಂದರಂದು ಬೆಲ್ಗಾಮ್ ಅಧಿಕೃತವಾಗಿ ಬೆಳಗಾವಿಯಾದ ಮೇಲೆ ತಂಡದ ಹೆಸರೂ ಬೆಲ್ಗಾಮ್ ಪ್ಯಾಂಥರ್ಸ್ ಹೋಗಿ ಬೆಳಗಾವಿ ಪ್ಯಾಂಥರ್ಸ್ ಆಯಿತು.

ಆರಂಭದ ಉತ್ಸಾಹ ತಣ್ಣಗಾಗಿ ಲೀಗ್ ಕೆಲಕಾಲ ನಿಂತಿತು. 2014ರಲ್ಲಿ ಮತ್ತೆ ಚಾಲೂ ಆಯಿತು. ಆ ವರ್ಷ ಮೈಸೂರು ಗೆದ್ದಿತು. ಅಲ್ಲಿಂದ ಮುಂದಿನ ಪಟ್ಟಿಯನ್ನು ಸ್ವಲ್ಪ ಗಮನವಿಟ್ಟು ಕೇಳಿ. 2015ರಲ್ಲಿ ಬಿಜಾಪುರ ಬುಲ್ಸ್. 2016ರಲ್ಲಿ ಬಳ್ಳಾರಿ ಟಸ್ಕರ್ಸ್. 2017ರಲ್ಲಿ ಬೆಳಗಾವಿ ಪ್ಯಾಂಥರ್ಸ್. 2018ರಲ್ಲಿ ಮತ್ತೆ ಬಿಜಾಪುರ. 2019ರಲ್ಲಿ ಹುಬ್ಬಳ್ಳಿ ಟೈಗರ್ಸ್. ಸತತ ಐದು ವರ್ಷ ಕಪ್ ಹೋದದ್ದು ಉತ್ತರ ಕರ್ನಾಟಕದ ಊರುಗಳ ಹೆಸರು ಹೊತ್ತ ತಂಡಗಳಿಗೇ. ರಾಜ್ಯದ ಕ್ರಿಕೆಟ್ ಅಂದರೆ ಬೆಂಗಳೂರು ಅನ್ನುವ ಮಾತು ರೂಢಿಯಾಗಿರುವ ನಾಡಿನಲ್ಲಿ ಇದು ಸಣ್ಣ ಸಂಗತಿಯಲ್ಲ.

ಬೆಳಗಾವಿ ಗೆದ್ದ 2017ರ ಟೂರ್ನಿಯಲ್ಲಿ ಏಳು ತಂಡಗಳಿದ್ದವು. ಭಾರತ ತಂಡದಲ್ಲಿ ಆಡಿ ಬಂದಿದ್ದ ಸ್ಟುವರ್ಟ್ ಬಿನ್ನಿ ಪ್ಯಾಂಥರ್ಸ್ ತಂಡದ ದೊಡ್ಡ ಹೆಸರು. ಫೈನಲ್ ನಡೆದದ್ದು ಸೆಪ್ಟೆಂಬರ್ 23ರಂದು ಹುಬ್ಬಳ್ಳಿಯ ರಾಜನಗರ ಮೈದಾನದಲ್ಲಿ. ಎದುರಾಳಿ ಬಿಜಾಪುರ ಬುಲ್ಸ್. ಬೆಳಗಾವಿ ಆರು ವಿಕೆಟ್‌ಗಳಿಂದ ಗೆದ್ದಿತು. ನಮ್ಮ ಜಿಲ್ಲೆಯಿಂದ ಹುಬ್ಬಳ್ಳಿ ಬಸ್ಸಿನಲ್ಲಿ ಎರಡು ತಾಸಿನ ದಾರಿ. ಬೆಳಗಾವಿ, ವಿಜಯಪುರ ಎರಡೂ ಕಡೆಯ ಜನ ಹೋಗಿ ನೋಡಿ ಬರಬಹುದಾದ ಜಾಗದಲ್ಲಿ ನಡೆದ ದೊಡ್ಡ ಪಂದ್ಯ ಅದು.

ಹಾಗೆ ನೋಡಿದರೆ ಲೀಗಿನ ಪಂದ್ಯಗಳು ಬಹುಪಾಲು ನಡೆಯುತ್ತಿದ್ದದ್ದು ಬೆಂಗಳೂರು, ಮೈಸೂರು, ಹುಬ್ಬಳ್ಳಿಗಳಲ್ಲಿ. ಬೆಳಗಾವಿಯಲ್ಲಿ ಮೈದಾನವಿಲ್ಲ ಎಂದೇನಲ್ಲ. ಆಟೋನಗರದಲ್ಲಿ ರಾಜ್ಯ ಕ್ರಿಕೆಟ್ ಸಂಸ್ಥೆಯದೇ ಒಳ್ಳೆಯ ಮೈದಾನವಿದೆ. 2019ರ ಮೇ ತಿಂಗಳಲ್ಲಿ ಭಾರತ 'ಎ' ಮತ್ತು ಶ್ರೀಲಂಕಾ 'ಎ' ತಂಡಗಳು ಅಲ್ಲಿ ಆಡಿದವು. ಅಭಿಮನ್ಯು ಈಶ್ವರನ್ 233 ರನ್ ಹೊಡೆದರು, ಪ್ರಿಯಾಂಕ್ ಪಾಂಚಾಲ್ 160. ಜೂನ್ ಮೊದಲ ವಾರ ಅದೇ ಮೈದಾನದಲ್ಲಿ ಋತುರಾಜ್ ಗಾಯಕವಾಡ್ ಎಂಬ ಹುಡುಗ ಒಂದು ದಿನದ ಪಂದ್ಯದಲ್ಲಿ ಔಟಾಗದೆ 187 ರನ್ ಬಾರಿಸಿದ. ಮುಂದೆ ಆತ ಭಾರತಕ್ಕೆ ಆಡಿದ, ಚೆನ್ನೈ ಸೂಪರ್ ಕಿಂಗ್ಸ್ ತಂಡದ ನಾಯಕನಾದ. ಎರಡೇ ತಿಂಗಳು ಕಳೆದು ಆಗಸ್ಟಿನಲ್ಲಿ ಕೆಪಿಎಲ್ ಬಂತು. ಮನೀಷ್ ಪಾಂಡೆ ಇದ್ದ ಬೆಳಗಾವಿ ಪ್ಯಾಂಥರ್ಸ್ ಆ ವರ್ಷ ಆಡಿದ್ದು ಬೆಂಗಳೂರಿನಲ್ಲಿ, ಮೈಸೂರಿನಲ್ಲಿ. ಕೊಲಂಬೊದ ಹುಡುಗರು ಬೆಳಗಾವಿಗೆ ಬಂದು ಆಡಿ ಹೋದರು. ಬೆಳಗಾವಿಯ ತಂಡ ಬೆಳಗಾವಿಗೆ ಬರಲಿಲ್ಲ.

ಇದಕ್ಕೆ ಕಾರಣಗಳಿವೆ, ಅವನ್ನೂ ಹೇಳಬೇಕು. ಟೀವಿ ಪ್ರಸಾರದ ವಾಹನ, ಕ್ಯಾಮೆರಾ, ಅಷ್ಟೂ ತಂಡಗಳ ಊಟ ವಸತಿ, ರಾತ್ರಿ ಪಂದ್ಯಕ್ಕೆ ಬೇಕಾದ ದೀಪ, ಇವನ್ನೆಲ್ಲ ಊರಿಂದೂರಿಗೆ ಸಾಗಿಸಿದರೆ ಸಣ್ಣ ಲೀಗಿನ ಲೆಕ್ಕ ಕೂಡುವುದಿಲ್ಲ. ಎರಡನೆಯ ಕಾರಣ ಮಳೆ. ಲೀಗ್ ನಡೆಯುತ್ತಿದ್ದದ್ದು ಆಗಸ್ಟ್–ಸೆಪ್ಟೆಂಬರಿನಲ್ಲಿ, ರಣಜಿ ಇಲ್ಲದ ಸಂದಿಯಲ್ಲಿ. ಆ ಹೊತ್ತಿಗೆ ಬೆಳಗಾವಿಯ ಆಕಾಶ ಇನ್ನೂ ಮುಚ್ಚಿಕೊಂಡೇ ಇರುತ್ತದೆ. ಖಾನಾಪುರದ ಪಶ್ಚಿಮ ಭಾಗದ ಮಾತಂತೂ ಬೇಡ. ಕಣಕುಂಬಿಯಲ್ಲಿ ಆಷಾಢ ಶ್ರಾವಣದಲ್ಲಿ ಛತ್ರಿಯೂ ಸಾಲದು, ಗೊರಬೆಯೇ ಬೇಕು. ಜಿಟಿಜಿಟಿ ಹಿಡಿದ ಮಳೆಯಲ್ಲಿ ಪಿಚ್ ಒಣಗಿಸುವುದು ಯಾರ ಕೈಲೂ ಆಗದ ಕೆಲಸ. ಆದರೆ ಕಾರಣ ಏನೇ ಇರಲಿ, ಫಲ ಒಂದೇ. ಊರಿನ ಹೆಸರು ಟೀವಿಯಲ್ಲಿ ಓಡಾಡಿತು, ಊರು ಮನೆಯಲ್ಲಿ ಕೂತು ನೋಡಿತು.

ಇನ್ನು ಕುಸ್ತಿಯ ಕಡೆಗೆ ಬರುತ್ತೇನೆ. ದುಡ್ಡು ಕೊಟ್ಟು ಆಡಿಸುವ ಆಟ ನಮ್ಮ ಭಾಗಕ್ಕೆ 2009ರಲ್ಲಿ ಬಂದ ಹೊಸತೇನಲ್ಲ. ಪಕ್ಕದ ಕೊಲ್ಹಾಪುರದಲ್ಲಿ ಶಾಹೂ ಮಹಾರಾಜರು 1912ರಲ್ಲೇ ಖಾಸಬಾಗ್ ಕುಸ್ತಿ ಮೈದಾನ ಕಟ್ಟಿಸಿದರು. ಅದರ ಗಾಳಿ ಘಟಪ್ರಭೆ ದಾಟಿ ಮಲಪ್ರಭೆಯವರೆಗೂ ಬೀಸಿತು. ಬೆಳಗಾವಿಯ ಆನಂದವಾಡಿ ಅಖಾಡದಲ್ಲಿ, ಖಾನಾಪುರ ತಾಲೂಕಿನ ಜಾತ್ರೆಗಳಲ್ಲಿ ಇವತ್ತಿಗೂ ಜಂಗೀ ನಿಕಾಲಿ ಕುಸ್ತಿ ನಡೆಯುತ್ತವೆ. ನಿಕಾಲಿ ಅಂದರೆ ಅಂಕದ ಲೆಕ್ಕವಿಲ್ಲ, ಬೆನ್ನು ಮಣ್ಣಿಗೆ ತಾಗಿದರೇ ತೀರ್ಮಾನ.

ಒಂದು ಜಾತ್ರೆಯ ಕುಸ್ತಿ ಹೇಗೆ ನಡೆಯುತ್ತದೆ ನೋಡಿ. ತಿಂಗಳ ಮುಂಚೆ ಕಮಿಟಿಯವರು ಮನೆಮನೆಗೆ ಹೋಗಿ ಪಟ್ಟಿ ಎತ್ತುತ್ತಾರೆ. ಹತ್ತು ಎಕರೆಯವನು ಇಷ್ಟು, ಕೂಲಿಯವನು ಇಷ್ಟು, ಪುಣೆ–ಗೋವಾಕ್ಕೆ ದುಡಿಯಲು ಹೋದ ಹುಡುಗರು ಇಷ್ಟು. ಒಂದನೇ ನಂಬರ್ ಕುಸ್ತಿಗೆ ಹೊರಗಿನ ದೊಡ್ಡ ಪೈಲ್ವಾನರನ್ನು ಕರೆಸುತ್ತಾರೆ. ಕೊಲ್ಹಾಪುರದವನು ಬರಬಹುದು, ಹರಿಯಾಣದವನು ಬರಬಹುದು. ಪೋಸ್ಟರಿನಲ್ಲಿ ಇಬ್ಬರ ಫೋಟೊ, ಕೆಳಗೆ ಇನಾಮಿನ ಮೊತ್ತ. ಗದ್ದೆಯಲ್ಲೋ ಗುಡಿಯ ಬಯಲಲ್ಲೋ ಕಣ ಅಗೆದು, ಕೆಂಪು ಮಣ್ಣು ಸೋಸಿ, ಅದಕ್ಕೆ ಎಣ್ಣೆ, ಮಜ್ಜಿಗೆ, ಅರಿಶಿನ, ಲಿಂಬೆರಸ ಬೆರೆಸಿ ಹದ ಮಾಡುತ್ತಾರೆ. ಮಧ್ಯಾಹ್ನ ಮೂರಕ್ಕೆ ಹಲಗಿ ಬಾರಿಸಲು ಶುರು. ಮೊದಲು ಇಳಿಯುವವರು ಯಾರು? ಊರಿನ ಏಳೆಂಟು ವರ್ಷದ ಪೋರರು. ಜೋಡಿ ಹುಡುಕುವುದು ಅಲ್ಲೇ, ಹೆಗಲಿಗೆ ಹೆಗಲು ಹಚ್ಚಿ ಎತ್ತರ ನೋಡಿ. ಗೆದ್ದವನ ಕೈಗೆ ಹಿರಿಯರೊಬ್ಬರು ಹತ್ತರದ್ದೋ ಇಪ್ಪತ್ತರದ್ದೋ ನೋಟು ಇಡುತ್ತಾರೆ. ಸೋತವನಿಗೂ ಒಂದು ಕಾಯಿ. ಹೊತ್ತು ಇಳಿದಂತೆ ಕುಸ್ತಿಯ ದರ್ಜೆ ಏರುತ್ತದೆ. ಕೊನೆಗೆ ದೀಪದ ಬೆಳಕಿನಲ್ಲಿ ದೊಡ್ಡ ಜೋಡಿ.

ಇಲ್ಲಿ ಹೊರಗಿನ ಪೈಲ್ವಾನನಿಗೆ ಸಾವಿರಾರು ರೂಪಾಯಿ ಇನಾಮು ಹೋಗುತ್ತದೆ. ಅದರ ಬಗ್ಗೆ ಯಾರಿಗೂ ತಕರಾರಿಲ್ಲ. ಯಾಕೆಂದರೆ ಅವನು ಇಳಿದದ್ದು ತಮ್ಮ ಮಗ ಅದೇ ಸಂಜೆ ಹೊರಳಾಡಿದ ಮಣ್ಣಿಗೇ. ಆ ಪೋರನ ಕಣ್ಣೆದುರೇ ಮೇಲಿನ ಮೆಟ್ಟಿಲು ಕಾಣುತ್ತದೆ. ಯಾರ ಹತ್ತಿರ ತಾಲೀಮಿಗೆ ಹೋಗಬೇಕು, ಎಷ್ಟು ಬೈಠಕ್ ಹೊಡೆಯಬೇಕು, ಏನು ತಿನ್ನಬೇಕು ಎಂದು ಅವನು ಅಲ್ಲೇ ಕೇಳಿಕೊಳ್ಳುತ್ತಾನೆ. ತಂಡದ ಮಾತಿನಲ್ಲಿ ಹೇಳುವುದಾದರೆ ಬಂಡವಾಳ, ಮೈದಾನ, ಪ್ರೇಕ್ಷಕ, ಮುಂದಿನ ಪೀಳಿಗೆ, ನಾಲ್ಕೂ ಒಂದೇ ಊರಿನಲ್ಲಿವೆ. ಪ್ಯಾಂಥರ್ಸ್ ತಂಡಕ್ಕೆ ಈ ನಾಲ್ಕರಲ್ಲಿ ಒಂದೂ ನೆಟ್ಟಗೆ ಒದಗಲಿಲ್ಲ. ಹೊರಗಿನ ಆಟಗಾರರು ಬಂದದ್ದು ತಪ್ಪಲ್ಲ, ದುಡ್ಡು ಬಂದದ್ದು ತಪ್ಪಲ್ಲ. ಊರಿನ ಹುಡುಗನಿಗೆ ಆ ಅಂಗಳದಲ್ಲಿ ಕಾಲಿಡುವ ದಾರಿ ಇಲ್ಲದ್ದು ಕೊರತೆ.

ಊರು ಮತ್ತು ತಂಡದ ಸಂಬಂಧ ಹೀಗೆ ಸಡಿಲವಾಗುವುದು ನಮ್ಮಲ್ಲಿ ಮಾತ್ರ ಅಲ್ಲ. ವೃತ್ತಿಪರ ಬ್ಯಾಸ್ಕೆಟ್‌ಬಾಲಿನ ತವರಾದ ಅಮೆರಿಕದಲ್ಲಿ ಇದರ ದೊಡ್ಡ ಚರಿತ್ರೆಯೇ ಇದೆ. ಅಲ್ಲಿಯ ಎನ್‌ಬಿಎ ಲೀಗ್ ಬೇರುಬಿಟ್ಟ ದಿನಗಳಲ್ಲಿ ಅದರ ತಂಡಗಳು ಎಷ್ಟೋ ಇದ್ದದ್ದು ಸಣ್ಣ ಊರುಗಳಲ್ಲಿ. ಫೋರ್ಟ್ ವೇನ್ ಎಂಬ ಊರಿನಲ್ಲಿ ಪಿಸ್ಟನ್ ಮಾಡುವ ಕಾರ್ಖಾನೆಯ ಯಜಮಾನ ತಂಡ ಕಟ್ಟಿದ, ಅದಕ್ಕೆ ಪಿಸ್ಟನ್ಸ್ ಎಂದೇ ಹೆಸರು. 1957ರಲ್ಲಿ ಅದು ದೊಡ್ಡ ಊರಾದ ಡೆಟ್ರಾಯಿಟ್‌ಗೆ ಗುಳೆ ಹೋಯಿತು. ಸಾವಿರಾರು ಕೆರೆಗಳ ಮಿನೆಸೋಟದಲ್ಲಿ ಹುಟ್ಟಿದ ಲೇಕರ್ಸ್ ತಂಡ 1960ರಲ್ಲಿ ಲಾಸ್ ಏಂಜಲೀಸ್‌ಗೆ ಹೋಯಿತು. ಜಾಜ್ ಸಂಗೀತದ ನ್ಯೂ ಆರ್ಲಿಯನ್ಸ್‌ನ ಜಾಜ್ ತಂಡ 1979ರಲ್ಲಿ ಯೂಟಾ ಸೇರಿತು. ತಂಡ ಹೋದಲ್ಲಿ ಹೊಸ ಪ್ರೇಕ್ಷಕರು ಸಿಕ್ಕರು, ಬಿಟ್ಟುಹೋದ ಊರಿನವರಿಗೆ ಸಿಕ್ಕದ್ದು ಬರೀ ಹಳೆಯ ಟಿಕೆಟಿನ ತುಣುಕು. ಮಾಲೀಕ ಒಬ್ಬನೇ ಆದರೆ ತಂಡ ಅವನ ಲಾಭದ ದಾರಿ ಹಿಡಿಯುತ್ತದೆ. ಅದೇ ಅಮೆರಿಕದಲ್ಲಿ ಇನ್ನೊಂದು ಆಟದ ಗ್ರೀನ್ ಬೇ ಪ್ಯಾಕರ್ಸ್ ತಂಡವೂ ಇದೆ. ಸುಮಾರು ಒಂದು ಲಕ್ಷ ಜನರ ಊರು. 1923ರಿಂದ ತಂಡದ ಷೇರುಗಳು ಜನರ ಕೈಯಲ್ಲಿವೆ. ಆ ಷೇರಿಗೆ ಲಾಭಾಂಶ ಬರುವುದಿಲ್ಲ. ಆದರೆ ತಂಡ ಊರು ಬಿಟ್ಟು ಕದಲಿಲ್ಲ.

ಬ್ಯಾಸ್ಕೆಟ್‌ಬಾಲಿನಲ್ಲೇ ಇದಕ್ಕಿಂತ ನಮಗೆ ಹತ್ತಿರವಾಗುವ ಉದಾಹರಣೆ ಯುರೋಪಿನಲ್ಲಿದೆ. ಲಿಥುವೇನಿಯಾ ಎಂಬ ಪುಟ್ಟ ದೇಶ. ಅದರ ಎರಡನೇ ದೊಡ್ಡ ಊರು ಕೌನಸ್. ಸುಮಾರು ಮೂರು ಲಕ್ಷ ಜನ, ಅಂದರೆ ನಮ್ಮ ಬೆಳಗಾವಿಗಿಂತ ಚಿಕ್ಕದು. ಅಲ್ಲಿ 1944ರಲ್ಲಿ ಜಾಲ್ಗಿರಿಸ್ ಎಂಬ ಕ್ಲಬ್ ಹುಟ್ಟಿತು. ದೇಶ ಆಗ ಸೋವಿಯತ್ ಒಕ್ಕೂಟದೊಳಗಿತ್ತು. ಮಾಸ್ಕೋದ ಸೇನಾ ತಂಡವನ್ನು ಹಿಂದೆ ಹಾಕಿ 1985, 86, 87ರಲ್ಲಿ ಸತತ ಮೂರು ವರ್ಷ ಈ ತಂಡ ಸೋವಿಯತ್ ಚಾಂಪಿಯನ್ ಆಯಿತು. ಅದರ ನಡುಗಂಬ ಅರ್ವಿದಾಸ್ ಸಬೋನಿಸ್, ಏಳಡಿ ದಾಟಿದ ಆಳು, ಕೌನಸ್‌ನಲ್ಲೇ ಹುಟ್ಟಿ ಬೆಳೆದವನು. ಮುಂದೆ ಸಬೋನಿಸ್ ಅಮೆರಿಕಕ್ಕೆ ಹೋಗಿ ಎನ್‌ಬಿಎ ಆಡಿದ. 1999ರಲ್ಲಿ ಜಾಲ್ಗಿರಿಸ್ ಯುರೋಪಿನ ಅತಿ ದೊಡ್ಡ ಕ್ಲಬ್ ಪ್ರಶಸ್ತಿಯಾದ ಯುರೋಲೀಗ್ ಗೆದ್ದಿತು. 2003ರಲ್ಲಿ ಸಬೋನಿಸ್ ಊರಿಗೆ ಮರಳಿ ಕ್ಲಬ್ಬಿನ ಒಡೆತನಕ್ಕೇ ಕೈ ಹಾಕಿದ. 2011ರಲ್ಲಿ ಹದಿನೈದು ಸಾವಿರ ಜನ ಕೂರುವ ಕ್ರೀಡಾಂಗಣ ಬಂತು. ರಾಜಧಾನಿಯಲ್ಲದ ಊರೊಂದು ದೊಡ್ಡ ತಂಡವನ್ನು ಎಂಬತ್ತು ವರ್ಷ ಇಟ್ಟುಕೊಂಡಿದೆ. ಅಲ್ಲಿಯ ಹುಡುಗ ಶಾಲೆಯ ಅಂಗಳದಲ್ಲಿ ಚೆಂಡು ಹಿಡಿದಾಗ ಮುಂದಿನ ಮೆಟ್ಟಿಲು ಎಲ್ಲಿದೆ ಎಂದು ಅವನಿಗೆ ಗೊತ್ತು. ಜಾತ್ರೆಯ ಕುಸ್ತಿಯಲ್ಲಿ ನಮ್ಮ ಪೋರನಿಗೆ ಗೊತ್ತಿರುವ ಹಾಗೆ.

ನಮ್ಮ ದೇಶದಲ್ಲೂ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಕಟ್ಟುವ ಯತ್ನಗಳು ನಡೆದವು. 2015ರಲ್ಲಿ ಯುಬಿಎ ಎಂಬ ಲೀಗ್ ಬಂತು. ಅದರಲ್ಲಿ ಬೆಂಗಳೂರು ಬೀಸ್ಟ್ ಎಂಬ ತಂಡವಿತ್ತು, ಚೆನ್ನೈ ಸ್ಲ್ಯಾಮ್, ಪುಣೆ ಪೇಶ್ವಾಸ್ ಎಂಬ ತಂಡಗಳಿದ್ದವು. ಕೆಲವೇ ಋತುಗಳಲ್ಲಿ ಅದು ಮುಗಿಯಿತು. ಆಮೇಲೆ ಬಂದ ಐಎನ್‌ಬಿಎಲ್‌ನಲ್ಲಿ ಬೆಂಗಳೂರು ಕಿಂಗ್ಸ್ ಆಡಿತು. ಇಲ್ಲೂ ಕ್ರಿಕೆಟಿನದೇ ಪಾಠ. ಹೆಸರು ಕೊಡುವುದು ಸುಲಭ, ಹೆಸರಿನ ಹಿಂದೆ ಊರು ನಿಲ್ಲಿಸುವುದು ಕಷ್ಟ.

ಮತ್ತೆ ಪ್ಯಾಂಥರ್ಸ್ ಕಥೆಗೆ ಬರೋಣ. ಅದರ ಕೊನೆಯ ಅಧ್ಯಾಯ ಸಂತೋಷದ್ದಲ್ಲ. 2019ರ ಆಗಸ್ಟ್ 31ರಂದು ಮೈಸೂರಿನಲ್ಲಿ ಹುಬ್ಬಳ್ಳಿ–ಬಳ್ಳಾರಿ ಫೈನಲ್ ಮುಗಿಯಿತು. ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಕೇಂದ್ರ ಅಪರಾಧ ವಿಭಾಗದ ಪೊಲೀಸರು ಬೆಟ್ಟಿಂಗ್ ಆರೋಪದ ಮೇಲೆ ಪ್ಯಾಂಥರ್ಸ್ ತಂಡದ ಮಾಲೀಕರನ್ನು ಬಂಧಿಸಿದರು. ತನಿಖೆ ಮುಂದುವರಿದಂತೆ ಬೇರೆ ತಂಡಗಳ ಆಟಗಾರರ, ತರಬೇತುದಾರರ ಬಂಧನವೂ ಆಯಿತು. ಪ್ರಕರಣ ಹೈಕೋರ್ಟಿಗೆ ಹೋಯಿತು. ಮ್ಯಾಚ್ ಫಿಕ್ಸಿಂಗ್ ಎಂಬುದು ಭಾರತೀಯ ದಂಡ ಸಂಹಿತೆಯ 420ನೇ ಕಲಮಿನ ವಂಚನೆಯ ವ್ಯಾಖ್ಯೆಗೆ ಒಳಪಡುವುದಿಲ್ಲ, ಶಿಸ್ತು ಕ್ರಮ ಕೈಗೊಳ್ಳುವುದು ಕ್ರಿಕೆಟ್ ಮಂಡಳಿಗೆ ಬಿಟ್ಟದ್ದು ಎಂದು 2022ರ ಜನವರಿಯಲ್ಲಿ ಕರ್ನಾಟಕ ಹೈಕೋರ್ಟ್ ಹೇಳಿತು. ಕಾನೂನಿನ ಮಾತು ಅಲ್ಲಿಗೆ ಬಿಡೋಣ. ಕೆಪಿಎಲ್ ಎಂಬ ಹೆಸರು ಮತ್ತೆ ತಲೆಯೆತ್ತಲಿಲ್ಲ. ಜೊತೆಗೇ ಕೊರೋನಾ ಬಂದು ಎರಡು ವರ್ಷ ಮೈದಾನಗಳೇ ಖಾಲಿಯಾದವು.

2022ರಲ್ಲಿ ರಾಜ್ಯ ಸಂಸ್ಥೆ ಹೊಸ ಲೀಗ್ ಆರಂಭಿಸಿತು. ಶ್ರೀಕಂಠದತ್ತ ನರಸಿಂಹರಾಜ ಒಡೆಯರ್ ಅವರ ನೆನಪಿನಲ್ಲಿ ಅದಕ್ಕೆ ಮಹಾರಾಜ ಟ್ರೋಫಿ ಎಂದು ಹೆಸರು. ಆರು ತಂಡ. ಬೆಂಗಳೂರು, ಮೈಸೂರು, ಮಂಗಳೂರು, ಶಿವಮೊಗ್ಗ, ಹುಬ್ಬಳ್ಳಿ, ಕಲಬುರಗಿ. ಸ್ವಲ್ಪ ಹೊತ್ತಿನ ಹಿಂದೆ ಹೇಳಿದ ಐದು ವರ್ಷದ ಪಟ್ಟಿ ನೆನಪಿದೆಯಲ್ಲ? ಕಪ್ ಗೆದ್ದಿದ್ದ ಬಿಜಾಪುರ ಇಲ್ಲ, ಬಳ್ಳಾರಿ ಇಲ್ಲ, ಬೆಳಗಾವಿಯೂ ಇಲ್ಲ. ಐದರಲ್ಲಿ ನಾಲ್ಕು ಕಪ್ ತಂದ ಮೂರು ಹೆಸರುಗಳು ಒಂದೇ ಸಲಕ್ಕೆ ಅಳಿಸಿಹೋದವು. ಒಬ್ಬರೂ ಬೀದಿಗಿಳಿದು ಕೇಳಲಿಲ್ಲ. ಸಣ್ಣ ಮಾತಿಗೂ ಬಂದ್ ಕರೆಯುವ ಊರು ನಮ್ಮದು. ತನ್ನ ಹೆಸರಿನ ತಂಡ ಹೋದಾಗ ಅದು ಸುಮ್ಮನಿತ್ತೆಂದರೆ, ಆ ತಂಡ ತನ್ನದು ಎಂದು ಅದಕ್ಕೆ ಅನ್ನಿಸಿರಲೇ ಇಲ್ಲ. ನನ್ನ ಇಡೀ ಮಾತಿಗೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಹಾಗಾದರೆ ಈ ನೆಲದಲ್ಲಿ ಆಟಗಾರರಿಲ್ಲವೇ? ಧಾರಾಳವಾಗಿದ್ದಾರೆ. ಬೆಳಗಾವಿ ಮರಾಠಾ ಲಘು ಪದಾತಿ ದಳದ ಕೇಂದ್ರ. ಮೂರು ಒಲಿಂಪಿಕ್ಸ್ ಆಡಿದ ಹಾಕಿ ಗೋಲ್‌ಕೀಪರ್ ಶಂಕರ್ ಲಕ್ಷ್ಮಣ್ ಆ ದಳದ ಯೋಧ. 1964ರ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದ ಭಾರತ ತಂಡದಲ್ಲಿ ಬೆಳಗಾವಿಯ ಬಂಡು ಪಾಟೀಲರಿದ್ದರು. ತುರಮುರಿ ಎಂಬ ಹಳ್ಳಿಯ ಮಲಪ್ರಭಾ ಜಾಧವ್ 2018ರ ಏಷ್ಯನ್ ಗೇಮ್ಸ್‌ನಲ್ಲಿ ಕುರಾಶ್ ಆಟದಲ್ಲಿ ಕಂಚು ತಂದರು. ಕ್ರಿಕೆಟಿನಲ್ಲಿ ಬೆಳಗಾವಿಯ ವೇಗದ ಬೌಲರ್ ರೋನಿತ್ ಮೋರೆ ಕರ್ನಾಟಕಕ್ಕೆ ರಣಜಿ ಆಡಿದರು. ಬೀಜ ಇದೆ, ನೆಲ ಇದೆ. ಮೊಳಕೆಗೂ ಫಸಲಿಗೂ ನಡುವಿನ ದಾರಿಯೇ ದೂರ.

ಎಷ್ಟು ದೂರ ಎಂದು ತಿಳಿಯಬೇಕಾದರೆ ಗದಗಿನ ಸುನಿಲ್ ಜೋಶಿಯವರನ್ನು ನೆನೆಯಿರಿ. ಭಾರತಕ್ಕೆ ಆಡಿದ ಎಡಗೈ ಸ್ಪಿನ್ನರ್. ಹುಡುಗನಾಗಿದ್ದಾಗ ನಸುಕಿನಲ್ಲಿ ಎದ್ದು ಗದಗಿನಿಂದ ಹುಬ್ಬಳ್ಳಿಗೆ ಹೋಗಿ ಅಭ್ಯಾಸ ಮಾಡಿ, ಶಾಲೆಯ ಹೊತ್ತಿಗೆ ಮತ್ತೆ ಊರು ಸೇರುತ್ತಿದ್ದರು. ಅವರ ಛಲಕ್ಕೆ ಕೈಮುಗಿಯೋಣ. ಆದರೆ ಛಲ ಇದ್ದವನಿಗೆ ಮಾತ್ರ ತೆರೆಯುವ ಬಾಗಿಲು ಒಳ್ಳೆಯ ಏರ್ಪಾಡಲ್ಲ. ಖಾನಾಪುರದ ಹುಡುಗ ಮುಂಜಾನೆ ರೈಲು ಹಿಡಿದು ಬೆಳಗಾವಿಗೆ ಬಂದಾನು. ನಂದಗಡದ ಹುಡುಗ ಬಸ್ಸಿಗೆ ಕಾದಾನು. ಜಾಂಬೋಟಿಯ ಆಚೆಯ ಹುಡುಗಿ ಏನು ಮಾಡಬೇಕು? ಮಳೆಗಾಲದ ನಾಲ್ಕು ತಿಂಗಳು ಆಕೆಗೆ ಆಡಲು ಅಂಗಳವೇ ಇರುವುದಿಲ್ಲ.

ಈ ಮಳೆಯ ಮಾತಿನಿಂದಲೇ ನನಗೆ ಬ್ಯಾಸ್ಕೆಟ್‌ಬಾಲ್ ಮತ್ತೆ ನೆನಪಾಗುತ್ತದೆ. ಆ ಆಟ ಹುಟ್ಟಿದ್ದೇ ಹವಾಮಾನದ ಕಾಟಕ್ಕೆ. 1891ರ ಡಿಸೆಂಬರ್. ಅಮೆರಿಕದ ಸ್ಪ್ರಿಂಗ್‌ಫೀಲ್ಡ್ ಎಂಬ ಊರಿನ ವೈಎಂಸಿಎ ಶಾಲೆ. ಹೊರಗೆ ಚಳಿಗಾಲ, ಆಡುವಂತಿಲ್ಲ. ಒಳಗೆ ಕೂತು ಬೇಸತ್ತ ಹುಡುಗರು ಮೇಷ್ಟ್ರ ತಲೆ ತಿನ್ನುತ್ತಿದ್ದರು. ಜೇಮ್ಸ್ ನೇಸ್ಮಿತ್ ಎಂಬ ಆ ಮೇಷ್ಟ್ರು ಪೀಚ್ ಹಣ್ಣಿನ ಎರಡು ಬುಟ್ಟಿಗಳನ್ನು ವ್ಯಾಯಾಮಶಾಲೆಯ ಎರಡು ತುದಿಗೆ ಹತ್ತಡಿ ಎತ್ತರದಲ್ಲಿ ಹೊಡೆದು, ಚೆಂಡನ್ನು ಅದರೊಳಗೆ ಹಾಕಿ ಎಂದರು. ಅಲ್ಲಿ ಹಿಮ, ಇಲ್ಲಿ ಮಳೆ. ಸಂಕಟ ಒಂದೇ.

ಲೆಕ್ಕ ಹಾಕಿ ನೋಡಿ. ಬ್ಯಾಸ್ಕೆಟ್‌ಬಾಲ್ ಅಂಗಳಕ್ಕೆ ಬೇಕಾದದ್ದು 28 ಮೀಟರ್ ಉದ್ದ, 15 ಮೀಟರ್ ಅಗಲ. ಕ್ರಿಕೆಟ್ ಮೈದಾನವೊಂದರ ಜಾಗದಲ್ಲಿ ಇಂಥ ಇಪ್ಪತ್ತಕ್ಕೂ ಹೆಚ್ಚು ಅಂಗಳ ಹಿಡಿಸುತ್ತವೆ. ನೆಲಕ್ಕೆ ಸಿಮೆಂಟು, ಎರಡು ಕಂಬ, ಎರಡು ಹಲಗೆ, ಎರಡು ರಿಂಗು, ಮೇಲೆ ಏಳು ಮೀಟರಿಗೂ ಎತ್ತರದಲ್ಲಿ ಒಂದು ಸೂರು. ಚೆಂಡು ಒಂದಿದ್ದರೆ ಹತ್ತು ಮಕ್ಕಳು ಆಡುತ್ತಾರೆ. ಅರ್ಧ ಅಂಗಳವೇ ಇದ್ದರೂ ಮೂರು ಮೂರು ಜನ ಆಡುವ ಆಟ ಈಗ ಒಲಿಂಪಿಕ್ಸ್‌ನಲ್ಲೇ ಇದೆ. ಹಂಚು ಸುಟ್ಟು, ಮಡಕೆ ತಿರುಗಿಸಿ ಹೆಸರು ಮಾಡಿದ ತಾಲೂಕು ಖಾನಾಪುರ. ಊರೂರಿಗೆ ಮನೆಯ ಸೂರು ಒದಗಿಸಿದ ಊರಿಗೆ ಮಕ್ಕಳ ಆಟಕ್ಕೆ ಒಂದು ಸೂರು ಎತ್ತುವುದು ಹೆಚ್ಚಿನ ಮಾತಲ್ಲ.

ಮುಂದೆ ಒಂದು ದಿನ ಬೆಳಗಾವಿಯ ಹೆಸರಿನಲ್ಲಿ ಮತ್ತೊಂದು ತಂಡ ಬಂದೇ ಬರುತ್ತದೆ. ಕ್ರಿಕೆಟ್ ಆಗಬಹುದು, ಕಬಡ್ಡಿ ಆಗಬಹುದು, ಬ್ಯಾಸ್ಕೆಟ್‌ಬಾಲೇ ಆಗಬಹುದು. ಅದು ಬಂದಾಗ ಊರಿನವರು ಮೂರು ಕರಾರು ಮುಂದಿಡಬೇಕು. ಒಂದು, ವರ್ಷಕ್ಕೆ ಕಡೇಪಕ್ಷ ಎರಡು ಪಂದ್ಯ ಬೆಳಗಾವಿಯಲ್ಲೇ ನಡೆಯಬೇಕು. ಆಗಸ್ಟಿನಲ್ಲಿ ಮಳೆ ಇದ್ದರೆ ಫೆಬ್ರವರಿಯಲ್ಲಿ ಪ್ರದರ್ಶನ ಪಂದ್ಯವಾದರೂ ಆಡಲಿ. ಎರಡು, ದೊಡ್ಡ ಪಂದ್ಯದ ಮುಂಚೆ ಅದೇ ದಿನ, ಅದೇ ಅಂಗಳದಲ್ಲಿ ತಾಲೂಕಿನ ಮಕ್ಕಳ ಪಂದ್ಯ ಇರಬೇಕು. ಖಾನಾಪುರ, ಬೈಲಹೊಂಗಲ, ಹುಕ್ಕೇರಿ, ಗೋಕಾಕ, ಸರದಿಯ ಮೇಲೆ. ಜಾತ್ರೆಯ ಕುಸ್ತಿಯಿಂದ ತಂಡದ ಮಾಲೀಕರು ಕಲಿಯಬೇಕಾದ್ದು ಇದೊಂದೇ, ಇದಕ್ಕೆ ಖರ್ಚೂ ಹೆಚ್ಚಿಲ್ಲ. ಮೂರು, ತಂಡದ ಬಂಡವಾಳದಲ್ಲಿ ಸ್ವಲ್ಪ ಪಾಲಾದರೂ ಊರಿನವರದ್ದಿರಬೇಕು. ಗುಡಿಗೆ ಪಟ್ಟಿ ಕೊಟ್ಟು, ಕುಸ್ತಿಗೆ ಪಟ್ಟಿ ಕೊಟ್ಟು ರೂಢಿಯಿರುವ ಜನಕ್ಕೆ ಐನೂರು ರೂಪಾಯಿಯ ಪಾಲು ಕೊಡುವುದು ಭಾರವಲ್ಲ. ಪಾಲು ಕೊಟ್ಟವನು ಲೆಕ್ಕ ಕೇಳುತ್ತಾನೆ. ಲೆಕ್ಕ ಕೇಳುವವರಿರುವ ತಂಡದಲ್ಲಿ ಕತ್ತಲ ವ್ಯವಹಾರಕ್ಕೆ ಜಾಗ ಕಡಿಮೆ.

ಈ ಮೂರಕ್ಕೂ ಒಪ್ಪದ ಮಾಲೀಕ ಬಂದರೆ, ಬೇರೆ ಯಾವ ಹೆಸರನ್ನಾದರೂ ಇಟ್ಟುಕೋ, ಬೆಳಗಾವಿಯ ಹೆಸರು ಬೇಡ ಎಂದು ನಾವು ಹೇಳುವಂತಾಗಬೇಕು. ಹಾಗೆ ಹೇಳುವ ಅಧಿಕಾರ ಕಾಗದದ ಮೇಲೆ ಇಲ್ಲದಿರಬಹುದು. ಆದರೆ ಟಿಕೆಟ್ ಕೊಳ್ಳುವವರು ನಾವು, ಟೀವಿ ನೋಡುವವರು ನಾವು, ಮಕ್ಕಳನ್ನು ಕಳಿಸುವವರೂ ನಾವೇ. ಅಷ್ಟರ ಮಟ್ಟಿಗೆ ತಂಡ ನಮ್ಮ ಮಾತು ಕೇಳಲೇಬೇಕಾಗುತ್ತದೆ.